ಪಾಠ 9: ಒಬ್ಬರಿಗೆ ಒಂದೇ ಓಟು



ಇದು ಒಂದು ಆಟದ ಕಥೆ. ಆಟದ ಹೆಸರು ಫುಟ್‌ಬಾಲ್. ನಡೆದದ್ದು ಇಂಗ್ಲೆಂಡ್ ದೇಶದಲ್ಲಿ, 2005 ಮತ್ತು 2006ನೇ ಇಸವಿಯಲ್ಲಿ. ಗಂಡಸರ ಆಟದ ಕಥೆ ನಮಗ್ಯಾಕೆ ಅನ್ನಬೇಡಿ. ಇದು ಸಂಘ ಕಟ್ಟಿದವರ ಕಥೆಯೂ ಹೌದು. ಒಬ್ಬರು ಗಟ್ಟಿಯಾಗಿ ಓದಿ. ಉಳಿದವರು ಕೇಳಿ.

ಆಟ ಹೇಗೆ?

ಫುಟ್‌ಬಾಲ್ ಅಂದರೆ ಕಾಲ್ಚೆಂಡಿನ ಆಟ. ಒಂದು ತಂಡದಲ್ಲಿ 11 ಜನ. ಚೆಂಡನ್ನು ಕಾಲಿನಿಂದ ಒದ್ದು ಎದುರು ತಂಡದ ಎರಡು ಕಂಬಗಳ ನಡುವೆ ದಾಟಿಸಬೇಕು. ದಾಟಿದರೆ ಒಂದು ಗೋಲು. ಹೆಚ್ಚು ಗೋಲು ಹೊಡೆದವರು ಗೆದ್ದರು. ಗೆದ್ದ ತಂಡಕ್ಕೆ 3 ಅಂಕ. ಸಮವಾದರೆ ಎರಡೂ ತಂಡಕ್ಕೆ ಒಂದೊಂದು ಅಂಕ. ಸೋತವರಿಗೆ ಸೊನ್ನೆ.

ಇಂಗ್ಲೆಂಡಿನಲ್ಲಿ ಊರೂರಿಗೂ ಫುಟ್‌ಬಾಲ್ ಕ್ಲಬ್ಬು ಇದೆ. ಕ್ಲಬ್ಬುಗಳೆಲ್ಲ ಏಣಿಯ ಮೆಟ್ಟಿಲುಗಳ ಮೇಲೆ ನಿಂತ ಹಾಗೆ ಇವೆ. ಮೇಲಿನ 4 ಮೆಟ್ಟಿಲಲ್ಲಿ 92 ದೊಡ್ಡ ಕ್ಲಬ್ಬುಗಳು. ಅವುಗಳ ಕೆಳಗಿನ ಕ್ಲಬ್ಬುಗಳಿಗೆ ‘ನಾನ್ ಲೀಗ್’ ಅನ್ನುತ್ತಾರೆ. ಅಲ್ಲಿ ಆಡುವವರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡುತ್ತಾರೆ. ಸಂಜೆ ಆಟ ಕಲಿಯುತ್ತಾರೆ. ಆಗಸ್ಟ್‌ನಿಂದ ಮುಂದಿನ ಬೇಸಿಗೆಯ ತನಕ ಪಂದ್ಯಗಳು ನಡೆಯುತ್ತವೆ. ಇದಕ್ಕೆ ಒಂದು ‘ಸೀಸನ್’ ಅನ್ನುತ್ತಾರೆ. ಸೀಸನ್ ಮುಗಿದಾಗ ಮೊದಲು ಬಂದ ತಂಡ ಒಂದು ಮೆಟ್ಟಿಲು ಹತ್ತುತ್ತದೆ. ಕೊನೆಗೆ ಬಂದ ತಂಡ ಇಳಿಯುತ್ತದೆ.

ಮಾಲೀಕರು ಬದಲಾದರು

ಮ್ಯಾಂಚೆಸ್ಟರ್ ಒಂದು ದೊಡ್ಡ ಊರು. ಹಿಂದೆ ಹತ್ತಿ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿ ‘ಮ್ಯಾಂಚೆಸ್ಟರ್ ಯುನೈಟೆಡ್’ ಎಂಬ ಹೆಸರುವಾಸಿ ಕ್ಲಬ್ಬು ಇದೆ. ಏಣಿಯ ತುದಿಯಲ್ಲಿ ನಿಂತ ಕ್ಲಬ್ಬು ಅದು. ಅಜ್ಜ, ಮಗ, ಮೊಮ್ಮಗ ಮೂವರೂ ಅದೇ ಕ್ಲಬ್ಬಿನ ಅಭಿಮಾನಿಗಳಾದ ಮನೆಗಳು ಅಲ್ಲಿ ಬಹಳ.

2005ರ ಮೇ ತಿಂಗಳಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಎಂಬ ಶ್ರೀಮಂತರು ಆ ಕ್ಲಬ್ಬನ್ನು ಕೊಂಡರು. ಕೊಳ್ಳಲು ಸಾಲ ಮಾಡಿದರು. ಆ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆಯ ಮೇಲೆಯೇ ಬಿತ್ತು. ಅಭಿಮಾನಿಗಳು ಬೀದಿಗಿಳಿದು ವಿರೋಧ ಮಾಡಿದರು. ಆದರೆ ಅವರ ಮಾತು ನಡೆಯಲಿಲ್ಲ. ಟಿಕೆಟ್ಟಿಗೆ ದುಡ್ಡು ಕೊಡುವವರು ಅವರು. ಮಳೆಯಲ್ಲಿ ನೆನೆದು ಕೂಗುವವರು ಅವರು. ಆದರೆ ಕ್ಲಬ್ಬನ್ನು ಮಾರುವಾಗ ಅವರನ್ನು ಕೇಳುವವರಿಲ್ಲ.

ಹೊಸ ಕ್ಲಬ್ಬು ಹುಟ್ಟಿತು

ಕೆಲವರು ಒಂದು ತೀರ್ಮಾನಕ್ಕೆ ಬಂದರು. ‘ನಮ್ಮದೇ ಒಂದು ಕ್ಲಬ್ಬು ಕಟ್ಟೋಣ’ ಅಂದರು. ಎಲ್ಲರೂ ಒಪ್ಪಲಿಲ್ಲ. ‘ಕಷ್ಟ ಬಂತು ಅಂತ ಹಳೆಯ ಕ್ಲಬ್ಬನ್ನು ಬಿಟ್ಟು ಹೋಗೋದಾ?’ ಎಂದು ಬೈದವರೂ ಇದ್ದರು. ಗೆಳೆಯರ ನಡುವೆ ವಾದ ಬೆಳೆಯಿತು. ಕೊನೆಗೆ ಹೊರಟವರು ಹೊರಟರು.

ಹೊಸ ಕ್ಲಬ್ಬಿಗೆ ಹೆಸರು ಬೇಕಲ್ಲ? ಕೆಲವು ಹೆಸರುಗಳನ್ನು ಮುಂದಿಟ್ಟರು. ಸದಸ್ಯರೇ ಓಟು ಹಾಕಿ ಆರಿಸಿದರು. ‘ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್’ ಎಂದು ಹೆಸರಾಯಿತು. ನಿಯಮಗಳೂ ಆದವು.

ಒಬ್ಬ ಸದಸ್ಯರಿಗೆ ಒಂದೇ ಓಟು. ಹೆಚ್ಚು ಹಣ ಕೊಟ್ಟರೂ ಒಂದೇ.
ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸಬೇಕು.
ಲಾಭವನ್ನು ಯಾರೂ ಹಂಚಿಕೊಳ್ಳಬಾರದು.
ಟಿಕೆಟ್ಟಿನ ಬೆಲೆ ಬಡವರ ಕೈಗೆ ಎಟುಕುವ ಹಾಗೆ ಇರಬೇಕು.

ಆಟಗಾರರು ಬೇಕು ಎಂದು ಸಾರಿದರು. ಸುಮಾರು 900 ಜನ ಅರ್ಜಿ ಹಾಕಿದರು. 200 ಜನರನ್ನು ಕರೆದು ಆಡಿಸಿ ನೋಡಿದರು. 17 ಜನರನ್ನು ಆರಿಸಿದರು. ಕಾರ್ಲ್ ಮಾರ್ಜಿನ್‌ಸನ್ ಎಂಬವರು ತಂಡದ ಮ್ಯಾನೇಜರ್ ಆದರು. ಸ್ವಂತ ಮೈದಾನ ಇರಲಿಲ್ಲ. ಹತ್ತಿರದ ಬರಿ ಎಂಬ ಊರಿನ ಕ್ಲಬ್ಬಿನ ಮೈದಾನವನ್ನು ಬಾಡಿಗೆಗೆ ಹಿಡಿದರು. ಅದರ ಹೆಸರು ಗಿಗ್ ಲೇನ್.

ಮೊದಲ ಸೀಸನ್

ಹೊಸಬರು ಕೆಳಗಿನಿಂದಲೇ ಏರಬೇಕು. ಅವರಿಗೆ ‘ನಾರ್ತ್ ವೆಸ್ಟ್ ಕೌಂಟೀಸ್ ಲೀಗ್’ನ ಎರಡನೇ ವಿಭಾಗದಲ್ಲಿ ಜಾಗ ಸಿಕ್ಕಿತು. ಅದು ವಾಯುವ್ಯ ಇಂಗ್ಲೆಂಡಿನ ಸಣ್ಣ ಊರುಗಳ ಕ್ಲಬ್ಬುಗಳ ಲೀಗು. 1982ರಲ್ಲಿ ಶುರುವಾದದ್ದು. ಏಣಿಯಲ್ಲಿ ಹತ್ತನೆಯ ಮೆಟ್ಟಿಲು. ಹಳೆಯ ಕ್ಲಬ್ಬು ಮೊದಲನೆಯ ಮೆಟ್ಟಿಲಲ್ಲಿ, ಹೊಸದು ಹತ್ತನೆಯದರಲ್ಲಿ!

2005ರ ಆಗಸ್ಟ್ 13ರಂದು ಮೊದಲ ಲೀಗ್ ಪಂದ್ಯ. ಎದುರಿಗೆ ಲೀಕ್ ಎಂಬ ಊರಿನ ತಂಡ. ಎಫ್‌ಸಿ ಯುನೈಟೆಡ್ 5 ಗೋಲು ಹೊಡೆಯಿತು. ಲೀಕ್ ತಂಡ 2 ಹೊಡೆಯಿತು. ನೋಡಲು ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಇದು ದೊಡ್ಡ ಸುದ್ದಿಯಾಯಿತು. ಯಾಕೆಂದರೆ ಆ ಮೆಟ್ಟಿಲಿನ ಪಂದ್ಯಗಳಿಗೆ ಸಾಮಾನ್ಯವಾಗಿ ನೂರು ಜನ ಬಂದರೆ ಹೆಚ್ಚು. ಗಿಗ್ ಲೇನ್‌ನಲ್ಲಿ ಆ ಸೀಸನ್ನಿನಲ್ಲಿ ಪಂದ್ಯಕ್ಕೆ ಸರಾಸರಿ 3 ಸಾವಿರದಷ್ಟು ಜನ ಬಂದರು. ಇವರು ಬೇರೆ ಊರಿಗೆ ಆಡಲು ಹೋದರೂ ಅಭಿಮಾನಿಗಳು ಹಿಂದೆಯೇ ಹೋದರು. ಅಲ್ಲಿನ ಸಣ್ಣ ಮೈದಾನದಲ್ಲಿ ಜಾಗ ಸಾಲದೆ ಕೆಲವು ಪಂದ್ಯಗಳನ್ನು ದೊಡ್ಡ ಮೈದಾನಕ್ಕೆ ಸಾಗಿಸಬೇಕಾಯಿತು. ಟಿಕೆಟ್ಟಿನ ಹಣ ಆಯಾ ಊರಿನ ಕ್ಲಬ್ಬಿಗೆ. ಹೀಗೆ ನೆಂಟರು ಬಂದರೆ ಮನೆಯವರಿಗೂ ಲಾಭ ಆಯಿತು.

ಆ ವಿಭಾಗದಲ್ಲಿ 19 ತಂಡಗಳು. ಪ್ರತಿಯೊಂದು ತಂಡವೂ ಉಳಿದ 18 ತಂಡಗಳ ಜೊತೆ ಎರಡೆರಡು ಸಲ ಆಡಬೇಕು. ಅಂದರೆ 36 ಪಂದ್ಯ. ಎಫ್‌ಸಿ ಯುನೈಟೆಡ್ 27ರಲ್ಲಿ ಗೆದ್ದಿತು. 6 ಸಮವಾದವು. 3ರಲ್ಲಿ ಸೋತಿತು. ಮೊದಲ ಸ್ಥಾನ ಅದಕ್ಕೇ ಬಂತು.

2006ರ ಏಪ್ರಿಲ್‌ನಲ್ಲಿ ಬಹುಮಾನದ ಕಪ್ಪು ಕೊಡುವ ದಿನ. ಎದುರಿಗೆ ಗ್ರೇಟ್ ಹಾರ್ವುಡ್ ಎಂಬ ಸಣ್ಣ ಊರಿನ ತಂಡ. ಗಿಗ್ ಲೇನ್‌ನಲ್ಲಿ 6,023 ಜನ ಸೇರಿದರು. ಆ ದಿನವೇ ಎಫ್‌ಸಿ ಯುನೈಟೆಡ್ ಒಂದು ಗೋಲಿನಿಂದ ಸೋತಿತು! ಆದರೂ ಕಪ್ಪು ಅವರದೇ. ಇಡೀ ವರ್ಷದ ದುಡಿಮೆ ಒಂದು ದಿನದ ಸೋಲಿಗೆ ಹೋಗುವುದಿಲ್ಲ.

ಆಮೇಲೆ ಏನಾಯಿತು?

ಮುಂದಿನ ಎರಡು ವರ್ಷವೂ ತಂಡ ಒಂದೊಂದು ಮೆಟ್ಟಿಲು ಹತ್ತಿತು. ಸ್ವಂತ ಮೈದಾನಕ್ಕಾಗಿ ಜನ ಷೇರು ಕೊಂಡರು. ಹೀಗೆ 20 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿತು. ಪೌಂಡ್ ಅಂದರೆ ಅಲ್ಲಿನ ನಾಣ್ಯ. ಹೆಚ್ಚು ಷೇರು ಇದ್ದವರಿಗೂ ಓಟು ಒಂದೇ. 2012ರಲ್ಲಿ ಹೆಂಗಸರ ತಂಡವೂ ಶುರುವಾಯಿತು. 2015ರಲ್ಲಿ ಮ್ಯಾಂಚೆಸ್ಟರಿನ ಮಾಸ್ಟನ್‌ನಲ್ಲಿ ಸ್ವಂತ ಮೈದಾನ ತೆರೆಯಿತು.

ಎಲ್ಲವೂ ಸುಲಭವಾಗಿ ನಡೆಯಲಿಲ್ಲ. 2016ರಲ್ಲಿ ಆಡಳಿತ ಮಂಡಳಿಗೂ ಸದಸ್ಯರಿಗೂ ಜಗಳ ಬಂತು. ಕೆಲವರು ಮಂಡಳಿ ಬಿಟ್ಟರು. ಚುನಾವಣೆಯಲ್ಲಿ ಹೊಸಬರು ಬಂದರು. 2019ರಲ್ಲಿ ತಂಡ ಒಂದು ಮೆಟ್ಟಿಲು ಕೆಳಗೂ ಇಳಿಯಿತು. ಸಂಘ ಅಂದ ಮೇಲೆ ಜಗಳ ಇದ್ದದ್ದೇ. ಅದನ್ನು ತೀರಿಸುವ ದಾರಿ ಸದಸ್ಯರ ಕೈಯಲ್ಲಿ ಇತ್ತು.

ಬರಿ ಊರಿನ ಕ್ಲಬ್ಬಿಗೆ ಆ ದಾರಿ ಇರಲಿಲ್ಲ. ಅದು 1885ರಲ್ಲಿ ಹುಟ್ಟಿದ ಹಳೆಯ ಕ್ಲಬ್ಬು. ಮಾಲೀಕರು ಒಬ್ಬರಾದ ಮೇಲೆ ಒಬ್ಬರು ಬಂದರು. ಕ್ಲಬ್ಬು ಹಣದ ಕಷ್ಟಕ್ಕೆ ಸಿಕ್ಕಿತು. 2019ರ ಆಗಸ್ಟ್‌ನಲ್ಲಿ ಅದನ್ನು ದೊಡ್ಡ ಲೀಗಿನಿಂದ ಹೊರಗೆ ಹಾಕಿದರು. ಆ ಊರಿನ ಜನ ಅತ್ತರು. ಆಮೇಲೆ ಅವರೂ ಸೇರಿ ಕ್ಲಬ್ಬನ್ನು ಮತ್ತೆ ಕೆಳಗಿನಿಂದ ಕಟ್ಟಿದರು.

ಈ ನಿಯಮ ಎಲ್ಲಿಂದ ಬಂತು?

ಬರಿ ಊರಿನ ಪಕ್ಕದಲ್ಲೇ ರಾಚ್‌ಡೇಲ್ ಎಂಬ ಊರಿದೆ. 1844ರಲ್ಲಿ ಅಲ್ಲಿನ ನೇಕಾರರು ಮತ್ತು ಕೆಲಸಗಾರರು ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರಿದರು. ತೂಕದಲ್ಲಿ ಮೋಸ ಇಲ್ಲ. ಹೆಂಗಸರೂ ಸದಸ್ಯರಾಗಬಹುದಿತ್ತು. ಒಬ್ಬರಿಗೆ ಒಂದೇ ಓಟು. ಆಗ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟ್ ಚುನಾವಣೆಗೆ ಹೆಂಗಸರಿಗೆ ಓಟೇ ಇರಲಿಲ್ಲ. ಅದು ಸಿಕ್ಕಿದ್ದು 1918ರಲ್ಲಿ, ಅದೂ ಎಲ್ಲರಿಗೂ ಅಲ್ಲ.

ಆ ಅಂಗಡಿಯ ನಿಯಮ ದೇಶ ದೇಶಕ್ಕೆ ಹರಡಿತು. ಸಹಕಾರ ಸಂಘಗಳು ಹುಟ್ಟಿದವು. ನಮ್ಮ ಹಾಲಿನ ಡೇರಿ ಸಂಘದಲ್ಲೂ ಅದೇ ನಿಯಮ. ಹತ್ತು ಹಸು ಇರುವ ಸದಸ್ಯರಿಗೂ ಒಂದೇ ಓಟು. ಒಂದೇ ಹಸು ಇರುವ ಸದಸ್ಯೆಗೂ ಒಂದೇ ಓಟು.

ಹೊಸ ಪದಗಳು

ಅಭಿಮಾನಿ: ಮೆಚ್ಚಿ ಬೆಂಬಲ ಕೊಡುವವರು
ಆಡಳಿತ ಮಂಡಳಿ: ಸಂಘವನ್ನು ನಡೆಸುವ ಕೆಲವರ ಗುಂಪು
ಸರಾಸರಿ: ಎಲ್ಲ ಕೂಡಿಸಿ ಸಮವಾಗಿ ಹಂಚಿದರೆ ಬರುವ ಲೆಕ್ಕ
ವಾಯುವ್ಯ: ಉತ್ತರ ಮತ್ತು ಪಶ್ಚಿಮದ ನಡುವಿನ ದಿಕ್ಕು

ಲೆಕ್ಕ ಮಾಡಿ

1. 27 ಪಂದ್ಯ ಗೆದ್ದರೆ ಪಂದ್ಯಕ್ಕೆ 3ರಂತೆ ಎಷ್ಟು ಅಂಕ?
2. ಸಮವಾದ 6 ಪಂದ್ಯದ 6 ಅಂಕ ಕೂಡಿಸಿ. ಒಟ್ಟು ಎಷ್ಟು? (ಉತ್ತರ: 87)

ಸೇರಿ ಮಾತನಾಡಿ

1. ಮ್ಯಾಂಚೆಸ್ಟರಿನ ಅಭಿಮಾನಿಗಳು ಹಳೆಯ ಕ್ಲಬ್ಬನ್ನು ಬಿಟ್ಟದ್ದು ಸರಿಯೇ? ಬಿಡದೆ ಉಳಿದವರು ಏನು ಹೇಳಿದರು?
2. ನೀವು ಯಾವ ಸಂಘದ ಸದಸ್ಯರು? ಅಲ್ಲಿ ನಿಮ್ಮ ಓಟನ್ನು ನೀವೇ ಹಾಕುತ್ತೀರಾ, ಮನೆಯವರು ಹೇಳಿದ ಹಾಗೆ ಹಾಕುತ್ತೀರಾ?
3. ಸಂಘದ ಲೆಕ್ಕದ ಪುಸ್ತಕವನ್ನು ಸದಸ್ಯರು ಕೇಳಿ ನೋಡಬಹುದು. ಮುಂದಿನ ಸಭೆಯಲ್ಲಿ ಕೇಳಿ. ಈಗ ನಿಮಗೆ ಓದಲು ಬರುತ್ತದೆ.