ಡಾಕ್ಟರು ಎಲ್ಲಿ ಓದುತ್ತಾರೆ?

ಡಾಕ್ಟರು ಚೀಟಿ ಬರೆಯುತ್ತಾರೆ. ನಾವು ಔಷಧಿ ಅಂಗಡಿಗೆ ಹೋಗುತ್ತೇವೆ. ಮಾತ್ರೆ ತರುತ್ತೇವೆ. ನುಂಗುತ್ತೇವೆ. ಆದರೆ ಈ ಕಾಯಿಲೆಗೆ ಈ ಮಾತ್ರೆ ಅಂತ ಡಾಕ್ಟರಿಗೆ ಹೇಗೆ ಗೊತ್ತಾಯಿತು?

ಗುಬ್ಬಿ ತಾಲ್ಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಈ ಪ್ರಶ್ನೆ ಕೇಳಿದರು.

"ಓದಿರ್ತಾರೆ ಬಿಡಕ್ಕ" ಅಂದರು ಪಕ್ಕದವರು.

"ಓದಿರ್ತಾರೆ, ಸರಿ. ಎಲ್ಲಿ ಕೂತು ಓದ್ತಾರೆ? ಏನನ್ನ ಓದ್ತಾರೆ? ಅದನ್ನ ಬರೆದೋರಾದ್ರೂ ಯಾರು?"

ಒಳ್ಳೆಯ ಪ್ರಶ್ನೆಗಳು. ಮೂರನೆಯದಂತೂ ಬಹಳ ಒಳ್ಳೆಯ ಪ್ರಶ್ನೆ. ಈ ಪಾಠದಲ್ಲಿ ಅವುಗಳಿಗೆ ಉತ್ತರ ಹುಡುಕೋಣ.

ಪುಸ್ತಕಗಳ ಮನೆ

ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಇದೆ. ಅದು ಶುರುವಾದದ್ದು 1988ರಲ್ಲಿ. ಅದು ಸೇರಿರುವ ಸಂಸ್ಥೆಗೆ 2008ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಕಾಲೇಜಿನ ಜೊತೆಗೆ ಆಸ್ಪತ್ರೆಯೂ ಇದೆ. ಆಸ್ಪತ್ರೆ ಅನೇಕರಿಗೆ ಗೊತ್ತು. ಚೀಟಿ ಮಾಡಿಸುವ ಸಾಲು ಗೊತ್ತು. ಆದರೆ ವೈದ್ಯಕೀಯ ಕಾಲೇಜು ಅಂದಮೇಲೆ ಅಲ್ಲಿ ಗ್ರಂಥಾಲಯವೂ ಇರಬೇಕು. ಇದು ಸರ್ಕಾರದ ನಿಯಮ. ಆ ಬಾಗಿಲನ್ನು ನಾವು ಯಾರೂ ಅಷ್ಟಾಗಿ ನೋಡಿರುವುದಿಲ್ಲ.

ಡಾಕ್ಟರಾಗಲು ನಾಲ್ಕೂವರೆ ವರ್ಷ ಓದಬೇಕು. ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲಿಯಬೇಕು. ಒಂದೊಂದು ಪುಸ್ತಕ ಇಟ್ಟಿಗೆಗಿಂತ ದಪ್ಪ. ಬೆಲೆಯೂ ಸಾವಿರಾರು ರೂಪಾಯಿ. ಎಲ್ಲವನ್ನೂ ಕೊಳ್ಳುವುದು ಆಗದ ಮಾತು. ಅದಕ್ಕೇ ಗ್ರಂಥಾಲಯ. ಕೆಲವು ಪುಸ್ತಕಗಳನ್ನು ಮನೆಗೆ ಕೊಡುತ್ತಾರೆ. ಕೆಲವನ್ನು ಅಲ್ಲೇ ಕೂತು ಓದಬೇಕು. ಬಡ ಮಕ್ಕಳಿಗೆ ಅನುಕೂಲವಾಗಲಿ ಅಂತ ಅನೇಕ ಕಾಲೇಜುಗಳಲ್ಲಿ ಪುಸ್ತಕ ಬ್ಯಾಂಕ್ ಇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಓದುವ ಕೋಣೆ ರಾತ್ರಿಯೂ ತುಂಬಿರುತ್ತದೆ. ಅಲ್ಲಿ ಮಾತಾಡೋ ಹಾಗಿಲ್ಲ. ನಮ್ಮ ಕಲಿಕಾ ಕೇಂದ್ರದ ಗಲಾಟೆ ಅಲ್ಲಿ ಒಂದು ನಿಮಿಷವೂ ನಡೆಯಲ್ಲ!

ಅಷ್ಟು ಪುಸ್ತಕದಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ? ಪುಸ್ತಕದ ಬೆನ್ನಿನ ಮೇಲೆ ಒಂದು ಸಂಖ್ಯೆ ಅಂಟಿಸಿರುತ್ತಾರೆ. ಅದು ಪುಸ್ತಕದ ಮನೆ ನಂಬರು ಇದ್ದ ಹಾಗೆ. ಬಹಳಷ್ಟು ಗ್ರಂಥಾಲಯಗಳಲ್ಲಿ 610 ಅಂದರೆ ವೈದ್ಯ ವಿಜ್ಞಾನ. 612 ಅಂದರೆ ನಮ್ಮ ದೇಹ ಕೆಲಸ ಮಾಡುವ ಬಗೆ. ಹೆಂಗಸರ ಕಾಯಿಲೆ, ಬಸುರಿ, ಬಾಣಂತನ, ಇವೆಲ್ಲ 618ರಲ್ಲಿ. ಅಡುಗೆ, ಆಹಾರದ ಪುಸ್ತಕ 641ರಲ್ಲಿ. ಸಂಖ್ಯೆ ಓದಲು ಬಂದರೆ ಅರ್ಧ ದಾರಿ ಸಿಕ್ಕಿತು. ಉಳಿದ ಅರ್ಧ ದಾರಿ ಗ್ರಂಥಪಾಲಕರು ತೋರಿಸುತ್ತಾರೆ.

ವರ್ಷಕ್ಕೆ ಒಂದೆರಡು ಸಲ ಅಲ್ಲಿ ಹಬ್ಬದ ಹಾಗೆ ಇರುತ್ತದೆ. ಆಗಸ್ಟ್ 12 ಗ್ರಂಥಪಾಲಕರ ದಿನ. ಅದು ಎಸ್. ಆರ್. ರಂಗನಾಥನ್ ಅವರ ಜನ್ಮದಿನ. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಅವರು 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಬೀಗ ಹಾಕಿ ಇಡುವುದಕ್ಕೆ ಪುಸ್ತಕ ಯಾಕೆ ಬೇಕು ಅಂತ ವಾದ ಮಾಡಿದವರು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆಗ ಹೊಸ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸುತ್ತಾರೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಪುಸ್ತಕ ಹುಡುಕುವುದನ್ನು ಕಲಿಸುತ್ತಾರೆ. ನೋಡಿ, ಡಾಕ್ಟರಾಗುವವರೂ ಇದನ್ನು ಕಲಿತೇ ತಿಳಿಯಬೇಕು.

ಅರಿವು ಬದಲಾಗುತ್ತದೆ

ದಪ್ಪ ಪುಸ್ತಕ ಒಂದು ಸಲ ಓದಿದರೆ ಸಾಲದು. ಇವತ್ತು ಸರಿ ಅಂದದ್ದು ನಾಳೆ ಬದಲಾಗಬಹುದು. ಅದಕ್ಕೆ ಇಂಥ ಗ್ರಂಥಾಲಯಗಳಿಗೆ ವೈದ್ಯಕೀಯ ಪತ್ರಿಕೆಗಳು ಬರುತ್ತವೆ. ಕೆಲವು ವಾರಕ್ಕೊಮ್ಮೆ, ಕೆಲವು ತಿಂಗಳಿಗೊಮ್ಮೆ. ಈಗ ಹೆಚ್ಚಿನವು ಕಂಪ್ಯೂಟರಿನಲ್ಲೇ ಬರುತ್ತವೆ. ನಮ್ಮ ರಾಜ್ಯದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಯಿತು. ಅದು ತನ್ನ ಕಾಲೇಜುಗಳಿಗೆಲ್ಲ ಕಂಪ್ಯೂಟರಿನಲ್ಲಿ ಪತ್ರಿಕೆ ಓದುವ ಏರ್ಪಾಟನ್ನು 2003ರಲ್ಲಿ ಮಾಡಿತು. ಅದರ ಹೆಸರು ಹೆಲಿನೆಟ್. ನಮ್ಮ ಹಳ್ಳಿಗಳಿಂದ ನರ್ಸಿಂಗ್ ಓದಲು ಹೋದ ಹೆಣ್ಣುಮಕ್ಕಳಿಗೂ ಇದು ಸಿಗುತ್ತದೆ.

ಪತ್ರಿಕೆಯಲ್ಲಿ ಬಂದ ಒಂದು ವಿಷಯ ನಮ್ಮ ಮನೆ ಬಾಗಿಲಿಗೆ ಬರುವುದು ಹೇಗೆ? ಒಂದು ನಿಜವಾದ ಕಥೆ ಹೇಳುತ್ತೇವೆ.

ಮಗುವಿಗೆ ಭೇದಿ ಆದರೆ ಮನೆಯ ಹಿರಿಯರು ಏನು ಹೇಳುತ್ತಾರೆ? "ನೀರು ಕೊಡಬೇಡ ಕಣೇ, ಇನ್ನೂ ಜಾಸ್ತಿ ಆಗುತ್ತೆ" ಅನ್ನುತ್ತಾರೆ. ಅವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಕಣ್ಣಿಗೆ ಕಾಣುವುದು ಹಾಗೇ. ಆದರೆ ಮಗುವಿನ ಜೀವ ಹೋಗುವುದು ಮೈಯಲ್ಲಿನ ನೀರು ಬತ್ತಿದ್ದರಿಂದ.

1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆಯಿತು. ಲಕ್ಷ ಲಕ್ಷ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನ್‌ಗಾಂವ್ ಎಂಬ ಊರಿನ ಶಿಬಿರದಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಹಾಕುವ ಬಾಟ್ಲಿ ಮುಗಿದುಹೋಯಿತು. ದಿಲೀಪ್ ಮಹಲನಬಿಸ್ ಎಂಬ ಡಾಕ್ಟರು ಅಲ್ಲಿದ್ದರು. ಉಪ್ಪು, ಗ್ಲೂಕೋಸ್ ಸಕ್ಕರೆ, ಅಡುಗೆ ಸೋಡ ಈ ಮೂರನ್ನು ಅಳತೆ ಪ್ರಕಾರ ಬೆರೆಸಿ, ನೀರಲ್ಲಿ ಕದಡಿ ಕುಡಿಸಲು ಅವರು ತೀರ್ಮಾನ ಮಾಡಿದರು. ಆ ಪುಡಿಯನ್ನು ತೂಕ ಮಾಡಿ ಪೊಟ್ಟಣ ಕಟ್ಟಿದ್ದು ಎಲ್ಲಿ ಗೊತ್ತೇ? ಕಲ್ಕತ್ತೆಯ ಒಂದು ವೈದ್ಯಕೀಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ!

ಕುಡಿಸಿದವರು ಯಾರು? ರೋಗಿಗಳ ಮನೆಯವರೇ. ತಾಯಂದಿರು, ಅಕ್ಕತಂಗಿಯರು. ಲೋಟದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿದರು. ಮೊದಲು 100 ರೋಗಿಗಳಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ನೀರು ಕುಡಿಸಿದ ಮೇಲೆ 100ಕ್ಕೆ 4ಕ್ಕಿಂತ ಕಡಿಮೆ ಆಯಿತು. ಡಾಕ್ಟರು ಇದನ್ನೆಲ್ಲ ಲೆಕ್ಕ ಹಾಕಿ ಬರೆದರು. 1973ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಬೇರೆ ಬೇರೆ ದೇಶದ ಡಾಕ್ಟರುಗಳು ಗ್ರಂಥಾಲಯದಲ್ಲಿ ಕೂತು ಅದನ್ನು ಓದಿದರು. ಇವತ್ತು ಅದೇ ಪುಡಿ ಓ.ಆರ್.ಎಸ್. ಪೊಟ್ಟಣವಾಗಿ ಆಶಾ ಅಕ್ಕನ ಚೀಲದಲ್ಲಿ ಇದೆ. 2002ರಲ್ಲಿ ಅದರ ಅಳತೆಯನ್ನು ಬದಲಿಸಿದರು. ಉಪ್ಪು, ಸಕ್ಕರೆ ಕಡಿಮೆ ಮಾಡಿದರೆ ಮಕ್ಕಳಿಗೆ ಇನ್ನೂ ಒಳ್ಳೆಯದು ಅಂತ ತಿಳಿದು ಬಂದಿತ್ತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮಾರನೆ ವರ್ಷ ಅವರಿಗೆ ಪದ್ಮವಿಭೂಷಣ ಬಂತು. ಅವರು ಬದುಕಿದ್ದಾಗಲೇ ಕೊಡಬಹುದಿತ್ತು ಅಂತ ನಮಗೆ ಅನ್ನಿಸುತ್ತದೆ.

ದೊಡ್ಡ ಪೊಟ್ಟಣ ಇದ್ದರೆ ಪೂರ್ತಿ ಪುಡಿಯನ್ನು 1 ಲೀಟರ್ ನೀರಿಗೆ ಹಾಕಬೇಕು. ನೀರು ಕಾಯಿಸಿ ಆರಿಸಿದ್ದಾಗಿರಲಿ. ಚೊಂಬಿನ ಅಂದಾಜು ಬೇಡ, ಲೀಟರ್ ಬಾಟ್ಲಿಯಲ್ಲೇ ಅಳೆಯಿರಿ. ಕದಡಿದ ನೀರನ್ನು 24 ಗಂಟೆಯೊಳಗೆ ಮುಗಿಸಿ. ಉಳಿದರೆ ಚೆಲ್ಲಿ. ಎದೆಹಾಲು ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿ ಬಿದ್ದರೆ, ಮಗು ಮಂಕಾಗಿ ಕುಡಿಯದೆ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಅಂಗಡಿಯಲ್ಲಿ ಡಬ್ಬಿಯ ಸಿಹಿ ಪಾನೀಯಗಳೂ ಇದೇ ಹೆಸರು ಹಾಕಿಕೊಂಡು ಮಾರಾಟ ಆಗುತ್ತಿದ್ದವು. ಹಾಗೆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆಜ್ಞೆ ಮಾಡಿತು. ಆದ್ದರಿಂದ ಬಣ್ಣ ನೋಡಿ ಕೊಳ್ಳಬೇಡಿ. ಅಕ್ಷರ ಓದಿ ಕೊಳ್ಳಿ.

ಬರೆದೋರು ಯಾರು?

ಈಗ ಆ ಅಕ್ಕನ ಮೂರನೆ ಪ್ರಶ್ನೆಗೆ ಬರೋಣ. ಬರೆದವರು ಡಾಕ್ಟರುಗಳು. ಆದರೆ ಅವರು ಬರೆದದ್ದು ರೋಗಿಗಳನ್ನು ನೋಡಿ. ಬನ್‌ಗಾಂವ್‌ನ ಆ ತಾಯಂದಿರು ಇಲ್ಲದಿದ್ದರೆ ಆ ಬರಹವೂ ಇಲ್ಲ.

ದೊಡ್ಡ ಡಾಕ್ಟರಾಗಲು ಎಂ.ಡಿ., ಎಂ.ಎಸ್. ಓದುವವರು ಒಂದೊಂದು ಪ್ರಬಂಧ ಬರೆಯಲೇಬೇಕು. ತಮ್ಮ ಆಸ್ಪತ್ರೆಗೆ ಬಂದ ರೋಗಿಗಳನ್ನು ನೋಡಿ, ಪರೀಕ್ಷೆ ಮಾಡಿ, ಲೆಕ್ಕ ಬರೆದು ಅದನ್ನು ತಯಾರು ಮಾಡುತ್ತಾರೆ. ರಟ್ಟು ಹಾಕಿ ಗ್ರಂಥಾಲಯದಲ್ಲಿ ಇಡುತ್ತಾರೆ. ಅಂದರೆ ಕುಣಿಗಲ್ ಕಡೆಯ ಒಬ್ಬ ಬಸುರಿಯ ರಕ್ತದ ಲೆಕ್ಕವೂ ಅಂಥ ಪುಸ್ತಕದ ಒಂದು ಸಾಲು ಆಗಬಹುದು. ಇದು ಕೆಟ್ಟದ್ದೇನಲ್ಲ. ಹೀಗೆ ಲೆಕ್ಕ ಸೇರಿ ಸೇರಿಯೇ ಅರಿವು ಬೆಳೆಯುವುದು. ಆದರೆ ಅಲ್ಲಿ ನಿಮ್ಮ ಹೆಸರು ಇರಬಾರದು. ನಿಮ್ಮನ್ನು ಕೇಳದೆ ನಿಮ್ಮನ್ನು ಸೇರಿಸಬಾರದು.

ಹೇಗೆ ಕೇಳುತ್ತಾರೆ? ಒಂದು ಕಾಗದ ಕೊಡುತ್ತಾರೆ. ಅದರ ಹೆಸರು ಒಪ್ಪಿಗೆ ಪತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆ ನಿಯಮ ಮಾಡಿದೆ. 2017ರಲ್ಲಿ ಅದನ್ನು ಹೊಸದಾಗಿ ಬರೆದು ಹೊರಡಿಸಿದೆ. ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಏನು ಪರೀಕ್ಷೆ, ಏನು ತೊಂದರೆ ಆಗಬಹುದು, ಏನು ಲಾಭ ಎಲ್ಲ ಹೇಳಬೇಕು. ನೀವು ಬೇಡ ಅನ್ನಬಹುದು. ಬೇಡ ಅಂದರೆ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಮೊದಲು ಹೂಂ ಅಂದು, ನಡುವೆ ಬಿಟ್ಟುಬಿಡಲೂಬಹುದು. ಓದು ಬಾರದವರಿಗೆ ಕಾಗದವನ್ನು ಓದಿ ಹೇಳಬೇಕು. ಆಗ ಸಾಕ್ಷಿಯಾಗಿ ಬೇರೊಬ್ಬರು ಇರಬೇಕು. ಆಮೇಲೆ ಹೆಬ್ಬೆಟ್ಟು.

"ಅಯ್ಯೋ, ಎಷ್ಟೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೀವಿ ಕಣಮ್ಮ, ಯಾವುದು ಏನು ಅಂತ ಯಾರಿಗ್ ಗೊತ್ತು?" ಅಂದರು ಕುಣಿಗಲ್ಲಿನ ಒಬ್ಬ ಅಜ್ಜಿ.

ಈಗ ನೀವು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೀರಿ. ಸಹಿ ಹಾಕುವ ಮುಂಚೆ ಓದಿ. ನಿಧಾನ ಆದರೂ ಪರವಾಗಿಲ್ಲ. ಹಿಂದೆ ಸಾಲು ಇದ್ದರೆ ಇರಲಿ. ಆಪರೇಷನ್‌ಗೆ ಒಪ್ಪಿಗೆ ಪಡೆಯುವ ಕಾಗದ ಬೇರೆ. ಸಂಶೋಧನೆಗೆ ಒಪ್ಪಿಗೆ ಪಡೆಯುವ ಕಾಗದ ಬೇರೆ. "ಇದು ಯಾವುದಕ್ಕೆ ಸಾರ್?" ಅಂತ ಕೇಳಿ. ಸಂಶೋಧನೆಯ ಕಾಗದದ ಒಂದು ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.

ನಮಗೆ ಅಲ್ಲಿ ಜಾಗ ಇದೆಯೇ?

ವೈದ್ಯಕೀಯ ಕಾಲೇಜಿನ ಗ್ರಂಥಾಲಯ ಮುಖ್ಯವಾಗಿ ಅಲ್ಲಿನ ವಿದ್ಯಾರ್ಥಿಗಳಿಗೆ, ಡಾಕ್ಟರುಗಳಿಗೆ. ಹೊರಗಿನವರು ಅನುಮತಿ ಕೇಳಬೇಕಾಗುತ್ತದೆ. ಒಳಗೆ ಹೋದರೂ ಹೆಚ್ಚಿನ ಪುಸ್ತಕ ಇಂಗ್ಲಿಷಿನಲ್ಲಿ. ನಮ್ಮ ದೇಹದ ವಿಷಯ ನಮ್ಮ ಭಾಷೆಯಲ್ಲಿ ಇಷ್ಟು ಕಡಿಮೆ ಇರುವುದು ನಮಗೆ ಬೇಸರದ ಸಂಗತಿ.

ಆದರೆ ಕನ್ನಡದಲ್ಲಿ ಏನೂ ಇಲ್ಲ ಅಂತಲ್ಲ. ಡಾಕ್ಟರ್ ಅನುಪಮಾ ನಿರಂಜನ ಅವರ 'ತಾಯಿ-ಮಗು' ಇದೆ. ಅವರು ಡಾಕ್ಟರೂ ಹೌದು, ಕಾದಂಬರಿ ಬರೆದವರೂ ಹೌದು. ಬಾಯಲ್ಲಿ ಹೇಳಲು ನಾಚುವ ವಿಷಯಗಳನ್ನು ಹೆಂಗಸರಿಗಾಗಿ ನೇರವಾಗಿ ಬರೆದರು. ಮನಸ್ಸಿನ ಕಾಯಿಲೆ ಬಗ್ಗೆ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಬರೆದ ಚಿಕ್ಕ ಚಿಕ್ಕ ಪುಸ್ತಕಗಳಿವೆ. ಇಂಥವನ್ನು ತುಮಕೂರು, ಗುಬ್ಬಿ, ಕುಣಿಗಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೇಳಿ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೇಳಿ. ಅದಕ್ಕೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಅಲ್ಲಿ ಕೂತು ಓದಲು ದುಡ್ಡು ಕೊಡಬೇಕಾಗಿಲ್ಲ. ಗಂಡಸರು ಪೇಪರ್ ಓದುವ ಜಾಗ ಅದು ಅಂತ ಹಿಂಜರಿಯಬೇಡಿ. ಇಬ್ಬರು ಮೂವರು ಸೇರಿ ಹೋಗಿ.

ನೀವೇ ಮಾಡಿ

ಈ ಪದಗಳನ್ನು ಎರಡು ಸಲ ಬರೆಯಿರಿ: ಗ್ರಂಥಾಲಯ, ಒಪ್ಪಿಗೆ ಪತ್ರ, ಸಂಶೋಧನೆ, ಸಹಿ.

ಮನೆಯಲ್ಲಿರುವ ಒಂದು ಮಾತ್ರೆ ಪಟ್ಟಿ ತನ್ನಿ. ಅದರ ಮೇಲಿನ ತಿಂಗಳು, ವರ್ಷದ ಅಂಕಿ ಓದಿ. ಆ ತಾರೀಖು ಮುಗಿದಿದೆಯೇ, ಇದೆಯೇ?

ಆಶಾ ಅಕ್ಕನ ಹತ್ತಿರ ಓ.ಆರ್.ಎಸ್. ಪೊಟ್ಟಣ ಕೇಳಿ ತನ್ನಿ. ಎಷ್ಟು ನೀರಿಗೆ ಹಾಕಬೇಕು ಅಂತ ಅದರ ಮೇಲೆ ಬರೆದಿದೆ? ಓದಿ ಎಲ್ಲರಿಗೂ ಹೇಳಿ.

ನಿಮ್ಮ ಊರಿನ ಗ್ರಂಥಾಲಯ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ? ಹೋಗಿ ನೋಡಿ ಬಂದು ಇಲ್ಲಿ ಬರೆಯಿರಿ.