ದಾಸೋಹದಲ್ಲಿ ಹಂಗಿಲ್ಲ

ದಾನವೆಂಬುದು ಬೇರೆ, ದಾಸೋಹವೆಂಬುದು ಬೇರೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ನೀಡುವಾತನೇ ದಾಸನು. ಈ ಭೇದವನ್ನರಿಯದೆ ಮಾಡಿದ ಅನ್ನಸಂತರ್ಪಣೆಯು ಹೊಟ್ಟೆಯ ಹಸಿವನ್ನು ಹಿಂಗಿಸಬಹುದು. ಆದರೆ ಉಂಡವನ ಮನಸ್ಸನ್ನು ನೋಯಿಸದೆ ಬಿಡದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದಿಂದ ಜಂಗಮ ದಾಸೋಹವನ್ನು ನಡೆಸುತ್ತಿದ್ದನು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನು ಅದನ್ನೊಪ್ಪದೆ ತಂದಲ್ಲಿಯೇ ಸುರಿದು ಬರಹೇಳಿದಳೆಂಬುದು ಶರಣ ಪರಂಪರೆಯ ಪ್ರಸಿದ್ಧ ಕಥೆ. ದಾಸೋಹಕ್ಕೆ ಸಿರಿತನ ಬೇಕಿಲ್ಲ, ಶುದ್ಧ ಕಾಯಕ ಸಾಕು. ಅಗತ್ಯವನ್ನು ಮೀರಿ ಕೂಡಿಟ್ಟ ಕಾಳು ಮತ್ತೊಬ್ಬರ ಪಾಲು. ಲಕ್ಕಮ್ಮನ ನಡೆಯಲ್ಲಿ ಈ ಎರಡು ಪಾಠಗಳಿವೆ.

ಇದೇ ತತ್ತ್ವದ ಮೇಲೆ ಮಠಗಳ ಉಗ್ರಾಣಗಳು ನಿಂತಿವೆ. ಸುಗ್ಗಿಯಾದ ಮೇಲೆ ಭಕ್ತರು ತಂದು ಸುರಿಯುವ ಜೋಳ, ಅಕ್ಕಿ, ಬೇಳೆಗಳೇ ಅವುಗಳ ಬಂಡವಾಳ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿ ಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದು ಭಕ್ತರ ಇಂತಹ ಕಾಣಿಕೆಗಳ ಬಲದಿಂದಲೇ. ರಾಜ್ಯ ಸರಕಾರವು ಶಾಲೆಯ ಮಧ್ಯಾಹ್ನದ ಊಟಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟುದು ಶರಣರ ಮಾತಿಗೆ ಸಂದ ಗೌರವವೇ ಸರಿ.

ಕೊಡುವವರು ಎಂದೆಂದಿಗೂ ಕೊಡುವವರಾಗಿಯೇ ಇರುವರೆಂಬ ನಂಬಿಕೆಯೂ ಸಲ್ಲದು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಹರಿದಾಗ, ರಾಮದುರ್ಗದ ಕಡೆಯ ನದೀತೀರದಲ್ಲಿ ಕಾಳಿನ ಚೀಲಗಳಿದ್ದ ಮನೆಗಳೂ ನೀರುಪಾಲಾದವು. ನಿನ್ನೆಯವರೆಗೆ ನೀಡಿದ ಒಕ್ಕಲಿನವರು ಗಂಜಿ ಕೇಂದ್ರದ ಸಾಲಿನಲ್ಲಿ ನಿಲ್ಲಬೇಕಾಯಿತು. ಅಂದು ದೂರದ ಊರುಗಳಿಂದ ಬಂದ ರೊಟ್ಟಿಯ ಗಂಟುಗಳು ಯಾರ ಕುಲವನ್ನೂ ಕೇಳಲಿಲ್ಲ.

2013ರ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತೆಯ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ದೊರೆಯುತ್ತದೆ. ಇದು ದೊಡ್ಡ ಆಸರೆಯೇ ಹೌದು. ಆದರೆ ಕಾಳು ಮನೆಗೆ ಬಂದ ಮಾತ್ರಕ್ಕೆ ಅಡುಗೆಯಾಗದು. ಒಲೆ ಹೊತ್ತಿಸಲು ಕೈಲಾಗದ ಒಂಟಿ ಮುದುಕಿ, ಹಾಸಿಗೆ ಹಿಡಿದ ಕೂಲಿಕಾರ, ಮಾನಕ್ಕಂಜಿ ಪಂಕ್ತಿಗೆ ಬಾರದ ಗೃಹಿಣಿ, ಇಂಥವರು ಯಾವ ಊರಿನಲ್ಲಿಲ್ಲ? ಹಸಿವೆಯನ್ನು ಬಾಯಿಬಿಟ್ಟು ಹೇಳದವರನ್ನು ಗುರುತಿಸುವುದೇ ದಾಸೋಹದ ಕಠಿಣವಾದ ಭಾಗ.

ಆದುದರಿಂದ ಮುರಗೋಡ ಸೀಮೆಯ ಸದ್ಭಕ್ತರು ಜಾತ್ರೆಯ ದಿನದ ಪ್ರಸಾದಕ್ಕೆ ಚೀಲ ಕೊಟ್ಟು ಕೃತಾರ್ಥರಾದೆವೆಂದು ತಿಳಿಯಬಾರದು. ದಿನವೂ ಅಡುಗೆಗೆ ಮುನ್ನ ಒಂದು ಹಿಡಿ ಕಾಳನ್ನು ತೆಗೆದಿಡಲಿ; ಓಣಿಯಲ್ಲಿ ಹೊಗೆಯಾಡದ ಒಲೆ ಯಾವುದೆಂದು ಅರಿಯಲಿ; ಅಲ್ಲಿಗೆ ಬುತ್ತಿಯನ್ನು ಸದ್ದಿಲ್ಲದೆ ಮುಟ್ಟಿಸಲಿ. ಕೊಟ್ಟೆನೆಂಬ ಅಹಂಕಾರ ನೀಡಿದವನಲ್ಲಿ ಉಳಿಯದೆ, ಪಡೆದೆನೆಂಬ ಹಂಗು ಉಂಡವನಲ್ಲಿ ಉಳಿಯದೆ ಹೋದರೆ ಅದೇ ನಿಜವಾದ ದಾಸೋಹ.