ಒಬ್ಬರೇ ಹೊತ್ತು, ಒಬ್ಬರೇ ಹುಟ್ಟು ಹಾಕುವ ದೋಣಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದಂಚಿನಲ್ಲಿ, ಕೆನಡಾ ಗಡಿಗೆ ತಾಗಿಕೊಂಡು ಬೌಂಡರಿ ವಾಟರ್ಸ್ ಎಂಬ ಕಾಡಿದೆ. ಹತ್ತು ಲಕ್ಷ ಎಕರೆಗೂ ಮಿಕ್ಕಿದ ವಿಸ್ತಾರ, ಸಾವಿರಕ್ಕೂ ಹೆಚ್ಚು ಸರೋವರಗಳು. ಬಹುಪಾಲು ನೀರಿಗೆ ಮೋಟಾರು ದೋಣಿ ಇಳಿಸುವಂತಿಲ್ಲ. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ಕಾಲುದಾರಿಯಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಈ ಹೊರುವ ದಾರಿಗೆ ಪೋರ್ಟೇಜ್ ಅನ್ನುತ್ತಾರೆ. ನಕ್ಷೆಯಲ್ಲಿ ಅದರ ಉದ್ದ ‘ರಾಡ್’ ಲೆಕ್ಕದಲ್ಲಿರುತ್ತದೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, 320 ರಾಡ್ ಸೇರಿದರೆ ಒಂದು ಮೈಲಿ. ಇಂಥ ಕಡೆ ಒಬ್ಬರೇ ನಾಲ್ಕೈದು ದಿನ ತಿರುಗಿ ಬರಬೇಕು ಅನ್ನಿಸಿ, ಒಬ್ಬರು ಕೂರುವ ಹಗುರ ಕನೂ ಕೊಳ್ಳಲು ಹೊರಟವರಿಗಾಗಿ ಈ ಬರಹ.

ಅಂಗಡಿಗೆ ಹೋದ ಹೊಸಬರು ಮೊದಲು ಕೇಳುವುದು ಎರಡೇ ಮಾತು. ಎಷ್ಟು ವೇಗ ಹೋಗುತ್ತದೆ? ಮಗುಚಿಕೊಳ್ಳುವುದಿಲ್ಲ ತಾನೇ? ಎರಡಕ್ಕೂ ಉತ್ತರ ಕೊಡೋಣ, ಆದರೆ ಅದಕ್ಕೂ ಮುಂಚೆ ಹೊರುವ ಲೆಕ್ಕ ಮಾಡಿಕೊಳ್ಳಿ. ದಿನಕ್ಕೆ ಒಟ್ಟು 3 ಕಿಲೋಮೀಟರ್ ಪೋರ್ಟೇಜ್ ಇದೆ ಅಂತಿಟ್ಟುಕೊಳ್ಳಿ. ಚೀಲವನ್ನೂ ದೋಣಿಯನ್ನೂ ಒಂದೇ ಸಲ ಹೊತ್ತರೆ ನೀವು ನಡೆಯುವುದು 3 ಕಿಲೋಮೀಟರ್. ಚೀಲ ಇಟ್ಟು ಬಂದು ಆಮೇಲೆ ದೋಣಿ ಹೊರುತ್ತೇನೆ ಅಂದರೆ ಹೋಗಿ, ಬಂದು, ಮತ್ತೆ ಹೋಗಬೇಕು. ನಡಿಗೆ 9 ಕಿಲೋಮೀಟರ್ ಆಯಿತು. ಜೊತೆಗಾರರಿದ್ದರೆ ಒಬ್ಬರು ಚೀಲ, ಒಬ್ಬರು ದೋಣಿ ಅಂತ ಹಂಚಿಕೊಳ್ಳಬಹುದು. ಒಂಟಿ ಪ್ರಯಾಣಿಕರಿಗೆ ಆ ಅನುಕೂಲವಿಲ್ಲ. 15 ಕೆಜಿ ದೋಣಿ, 18 ಕೆಜಿ ಚೀಲ ಸೇರಿ 33 ಕೆಜಿ: ಗಟ್ಟಿಮುಟ್ಟಾದವರು ಒಂದೇ ಸಲಕ್ಕೆ ಹೊತ್ತಾರು. ದೋಣಿಯೇ 25 ಕೆಜಿ ಇದ್ದರೆ ಆ ಮಾತೇ ಬೇಡ. ಅದಕ್ಕೇ ಹಗುರ ದೋಣಿಯನ್ನು ನಾನು ಶೋಕಿ ಅನ್ನುವುದಿಲ್ಲ. ಐವತ್ತು ದಾಟಿದವರು, ಬೆನ್ನುನೋವಿರುವವರು, ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳು ಆ ಕಾಡನ್ನು ಒಂಟಿಯಾಗಿ ನೋಡುತ್ತಾರೋ ಇಲ್ಲವೋ ಅನ್ನುವುದು ಈ ಕೆಲವು ಕಿಲೋಗಳ ಮೇಲೆ ನಿಂತಿದೆ.

ಇದು ಇವತ್ತಿನ ಹುಚ್ಚೂ ಅಲ್ಲ. ‘ನೆಸ್‌ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1883ರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಸರೋವರಗಳಲ್ಲಿ 266 ಮೈಲಿ ತಿರುಗಾಡಿದರು. ಆಗ ಅವರಿಗೆ ಅರವತ್ತು ದಾಟಿತ್ತು, ಎದೆಯ ಕಾಯಿಲೆಯೂ ಇತ್ತು. ಅವರ ದೋಣಿ ‘ಸೇರಿ ಗ್ಯಾಂಪ್’ 9 ಅಡಿ ಉದ್ದದ್ದು. ತೂಕ ಹತ್ತೂವರೆ ಪೌಂಡ್, ಅಂದರೆ 5 ಕೆಜಿಗೂ ಕಡಿಮೆ. ಕ್ಯಾಂಟನ್ ಊರಿನ ಜೆ. ಹೆನ್ರಿ ರಶ್ಟನ್ ಅದನ್ನು ತೆಳು ಸೀಡರ್ ಹಲಗೆಗಳಿಂದ ಕಟ್ಟಿಕೊಟ್ಟಿದ್ದರು. ಇದನ್ನು ಓದಿದವರು ಕೂಡಲೇ ‘ನನಗೂ ಅಂಥದ್ದೇ ಬೇಕು’ ಅನ್ನುತ್ತಾರೆ. ನಿಲ್ಲಿ. ನೆಸ್‌ಮಕ್ ಐವತ್ತು ಕೆಜಿ ಆಸುಪಾಸಿನ ಸಣ್ಣ ಆಳು, ಅವರ ಸಾಮಾನೂ ಬಹಳ ಕಡಿಮೆ. ದೋಣಿ ಅವರ ಅಳತೆಗೆ ಕಟ್ಟಿದ್ದು. ನಿಮ್ಮದು ನಿಮ್ಮ ಅಳತೆಗಿರಬೇಕು.

ಅಳತೆ ಶುರುವಾಗುವುದು ನೀರಿಗಿಳಿಸುವ ಒಟ್ಟು ಹೊರೆಯಿಂದ. ನಿಮ್ಮ ತೂಕ 70 ಕೆಜಿ, ಡೇರೆ, ಹಾಸಿಗೆ, ಅಡುಗೆ ಸಾಮಾನು, ಐದು ದಿನದ ಊಟ ಸೇರಿ ಚೀಲ 20 ಕೆಜಿ, ಹುಟ್ಟು, ಹಗ್ಗ, ನೀರು ಇತ್ಯಾದಿ 5 ಕೆಜಿ. ಒಟ್ಟು 95. ಈ ಅಂಕಿ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಕಂಪನಿಯವರು ‘ಗರಿಷ್ಠ ಹೊರೆ’ ಅಂತ ಬರೆದಿರುತ್ತಾರಲ್ಲ, ಅದನ್ನು ನಂಬಿ ಕೊಳ್ಳಬೇಡಿ. ಅಷ್ಟು ತುಂಬಿದ ದೋಣಿ ತೇಲುತ್ತದೆ, ಆದರೆ ಅಲೆ ಬಂದರೆ ಒಳಗೆ ನೀರು ಹೊಡೆಯುತ್ತದೆ. ಯಾವ ತೂಕಕ್ಕೆ ಇದು ಚೆನ್ನಾಗಿ ಓಡುತ್ತದೆ ಅಂತ ಕೇಳಿ. ಹೊಸಬರು ಸಾಮಾನ್ಯವಾಗಿ ಇನ್ನೊಂದು ಕಡೆ ಎಡವುತ್ತಾರೆ: ಇರಲಿ ಅಂತ ದೊಡ್ಡದನ್ನೇ ಕೊಳ್ಳುತ್ತಾರೆ. ಹೊರೆ ಸಾಲದ ದೊಡ್ಡ ದೋಣಿ ನೀರಿನ ಮೇಲೆ ಎತ್ತರಕ್ಕೆ ನಿಂತು ಗಾಳಿಗೆ ಸಿಕ್ಕುತ್ತದೆ. ಸರೋವರದಲ್ಲಿ ಒಂಟಿ ಕನೂಗೆ ಗಾಳಿಯಷ್ಟು ತೊಂದರೆ ಕೊಡುವುದು ಬೇರೊಂದಿಲ್ಲ. ಕಲ್ಲಿಗೂ ಅಲೆಗೂ ಹೆದರುವುದಕ್ಕಿಂತ ಇದಕ್ಕೆ ಹೆದರಿ. 95 ಕೆಜಿ ಆಸುಪಾಸಿನ ಹೊರೆಗೆ 14ರಿಂದ 16 ಅಡಿ ಉದ್ದ, ಮಧ್ಯದಲ್ಲಿ 28ರಿಂದ 30 ಅಂಗುಲ ಅಗಲ, 12 ಅಂಗುಲ ಆಸುಪಾಸಿನ ಆಳ ಇದ್ದರೆ ಸಾಕು.

ಈಗ ವೇಗದ ಪ್ರಶ್ನೆ. ಉದ್ದ ಹೆಚ್ಚಿದಷ್ಟೂ ದೋಣಿ ಮುಟ್ಟಬಲ್ಲ ವೇಗ ಹೆಚ್ಚುತ್ತದೆ, ನಿಜ. ಆದರೆ ದಿನವಿಡೀ ಹುಟ್ಟು ಹಾಕುವವರು ಗಂಟೆಗೆ ಐದಾರು ಕಿಲೋಮೀಟರ್ ಹೋದರೆ ಹೆಚ್ಚು. ಆ ನಿಧಾನದಲ್ಲಿ 17 ಅಡಿ ದೋಣಿಯ ಹೆಚ್ಚಿನ ಮೈ ನೀರಿಗೆ ಉಜ್ಜಿ ಎಳೆತವನ್ನೇ ಕೊಡುತ್ತದೆ. ವೇಗಕ್ಕಿಂತ ದೋಣಿ ನೇರ ಹೋಗುವುದು ಮುಖ್ಯ. ತುಂಗಭದ್ರೆಯ ಹರಿಗೋಲನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ: ಗುಂಡಗಿರುವುದು ಪ್ರತಿ ಹುಟ್ಟಿಗೂ ತಿರುಗುತ್ತದೆ, ಉದ್ದಗಿರುವುದು ಹಿಡಿದ ದಾರಿ ಬಿಡುವುದಿಲ್ಲ. ಕನೂ ತಳವನ್ನು ಪಕ್ಕದಿಂದ ನೋಡಿ. ಎರಡು ತುದಿ ಬಾಳೆಕಾಯಿಯ ಹಾಗೆ ಮೇಲೆದ್ದಿದ್ದರೆ ಬೇಗ ತಿರುಗುತ್ತದೆ, ಹೊಳೆಯ ಓಟಕ್ಕೆ ಸರಿ. ನಿಂತ ನೀರಿನ ಪ್ರಯಾಣಕ್ಕೆ ತಳ ಉದ್ದಕ್ಕೂ ಬಹುಮಟ್ಟಿಗೆ ನೇರವಾಗಿದ್ದು, ತುದಿಗಳು ಒಂದಂಗುಲದಷ್ಟು ಎದ್ದಿದ್ದರೆ ಒಳ್ಳೆಯದು.

ಮಗುಚುವ ಭಯಕ್ಕೆ ಬರೋಣ. ತಳ ಅಡ್ಡಡ್ಡ ಚಪ್ಪಟೆಯಾಗಿರುವ ದೋಣಿ ಕೂತ ಕೂಡಲೇ ಗಟ್ಟಿ ಅನ್ನಿಸುತ್ತದೆ. ತುಸು ಕಮಾನಾಗಿರುವುದು ಕೂತ ಕೂಡಲೇ ನಡುಗುತ್ತದೆ, ಹೊಸಬರು ಅಲ್ಲೇ ಬೇಡ ಅಂದುಬಿಡುತ್ತಾರೆ. ಆದರೆ ಪಕ್ಕದಿಂದ ಅಲೆ ಬಂದಾಗ ಚಪ್ಪಟೆ ತಳ ಅಲೆಯ ಇಳಿಜಾರಿಗೆ ಅಂಟಿಕೊಂಡು ನಿಮ್ಮನ್ನೂ ಓರೆ ಮಾಡುತ್ತದೆ. ಕಮಾನಿನ ತಳ ಅಲೆ ಕೆಳಗೆ ಹಾಯುವಾಗಲೂ ನೆಟ್ಟಗೆ ಉಳಿಯುತ್ತದೆ, ಓರೆಯಾದರೂ ಒಂದು ಹಂತದಲ್ಲಿ ತಡೆದು ನಿಲ್ಲುತ್ತದೆ. ಆ ಮೊದಲ ನಡುಕಕ್ಕೆ ಅರ್ಧ ದಿನ ಕೊಡಿ, ಸೊಂಟ ತಾನೇ ಕಲಿಯುತ್ತದೆ. ಆಸನ ಒಂದಂಗುಲ ಕೆಳಗಿಳಿಸಿದರೂ ಎಷ್ಟೋ ಧೈರ್ಯ ಬರುತ್ತದೆ.

ಆಸನದ ವಿಷಯದಲ್ಲಿ ಎರಡು ದಾರಿಯಿದೆ. ಬೆಂಚಿನಂಥ ಆಸನದಲ್ಲಿ ಕೂತು ಅಥವಾ ಮೊಣಕಾಲೂರಿ ಒಂಟಿ ಅಲಗಿನ ಹುಟ್ಟು ಹಾಕುವುದು ಒಂದು. ಅಡಿರಾಂಡಾಕ್ ಕಡೆಯ ಪ್ಯಾಕ್ ಕನೂಗಳಲ್ಲಿ ತಳದ ಹತ್ತಿರವೇ ಕೂತು ಕಯಾಕಿನ ಹಾಗೆ ಎರಡಲಗಿನ ಹುಟ್ಟು ಹಾಕುವುದು ಇನ್ನೊಂದು. ಹೊಸಬರಿಗೆ ಎರಡಲಗಿನದು ಬೇಗ ಕೈಹತ್ತುತ್ತದೆ, ಗಾಳಿಗೂ ಜಗ್ಗುವುದಿಲ್ಲ. ಕೆವ್ಲಾರ್ ಎಂಬ ನಾರಿನಿಂದ ಮಾಡಿದ 12 ಅಡಿಯ ಪ್ಯಾಕ್ ಕನೂ 10 ಕೆಜಿಗೂ ಕಡಿಮೆ ಸಿಗುತ್ತದೆ. ಆದರೆ ಅಲಗಿನ ನೀರು ತೊಡೆಯ ಮೇಲೆ ಹನಿಯುತ್ತಲೇ ಇರುತ್ತದೆ, ಮಂಡಿ ನೋವಿದ್ದವರಿಗೆ ಆ ತಗ್ಗಿನಿಂದ ಏಳುವುದು ಕಷ್ಟ. ಪೋರ್ಟೇಜ್ ಹೆಚ್ಚು, ಸಾಮಾನೂ ಹೆಚ್ಚು ಅನ್ನುವವರಿಗೆ ನನ್ನ ಸಲಹೆ ಬೆಂಚಿನ ಆಸನ. ದೋಣಿಗೆ ಮೀಸಲಿಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ಹಗುರವಾದ ಕಾರ್ಬನ್ ಹುಟ್ಟು ಕೊಳ್ಳಿ. ಅದನ್ನು ದಿನಕ್ಕೆ ಸಾವಿರಾರು ಸಲ ಎತ್ತುತ್ತೀರಿ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಯೂಮಿನಿಯಂ ಭಾರ. ಪದರ ಪದರ ಪ್ಲಾಸ್ಟಿಕ್ಕಿನ ರಾಯಲೆಕ್ಸ್ ಕಲ್ಲಿನ ಹೊಡೆತ ತಾಳುತ್ತದೆ, ಆದರೆ ಅದೂ ಭಾರ, ತಯಾರಿಕೆಯೂ ನಿಂತಿದೆ. ಹಳೆಯದು ಮಾತ್ರ ಸಿಗುತ್ತದೆ. ನಮಗೆ ಬೇಕಾದದ್ದು ಕೆವ್ಲಾರ್. 1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಈ ನಾರಿನಿಂದ ಮಾಡಿದ 16 ಅಡಿಯ ಒಂಟಿ ಕನೂ 14ರಿಂದ 17 ಕೆಜಿ ತೂಗುತ್ತದೆ. ಹೊರಮೈಗೆ ಬಣ್ಣದ ಲೇಪವಿಲ್ಲದ್ದನ್ನು ಕೊಂಡರೆ ಇನ್ನೂ ಹಗುರ, ನಾರಿನ ಹೊಂಬಣ್ಣವೇ ಕಾಣುತ್ತದೆ. ಬಿಸಿಲಲ್ಲಿ ಬಿಟ್ಟರೆ ಕೆಡುತ್ತದೆ, ನೆರಳಲ್ಲಿಡಿ. ಕಾರ್ಬನ್ ಸೇರಿದರೆ ತೂಕ ಇಳಿಯುತ್ತದೆ, ಬೆಲೆ ಏರುತ್ತದೆ.

ಇಷ್ಟು ತೆಳು ದೋಣಿ ಒಡೆಯುವುದಿಲ್ಲವೇ? ಬಳಸುವ ರೀತಿ ಗೊತ್ತಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ತಳ ಕಲ್ಲಿಗೆ ತಾಗುವ ಮುಂಚೆಯೇ ಮೊಣಕಾಲುದ್ದ ನೀರಿಗೆ ಇಳಿಯಿರಿ, ತೇಲುತ್ತಿರುವಾಗಲೇ ಚೀಲ ಎತ್ತಿಕೊಳ್ಳಿ. ಬೂಟು ಒದ್ದೆಯಾಗಲಿ, ಅದಕ್ಕೇ ತಂದದ್ದು. ಆಮೇಲೆ ಪಕ್ಕದಲ್ಲಿ ನಿಂತು ಹತ್ತಿರದ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ದೋಣಿಯನ್ನು ತೊಡೆಯ ಮೇಲಕ್ಕೆ ಎಳೆದುಕೊಳ್ಳಿ. ತಳ ತೊಡೆಗೆ ಒರಗಿರಲಿ. ಒಂದು ಕೈ ಚಾಚಿ ಆಚೆಯ ಅಂಚು ಹಿಡಿಯಿರಿ. ಮಂಡಿಯಿಂದ ಒಂದು ತೂಗು ಕೊಟ್ಟು ತಲೆಯ ಮೇಲೆ ಮಗುಚಿ, ದೋಣಿಯ ನಡುವಿನ ಅಡ್ಡಪಟ್ಟಿಯಾದ ನೊಗವನ್ನು ಹೆಗಲಿಗೆ ಇಳಿಸಿ. ಬೆನ್ನು ಬಗ್ಗಿಸಿ ನೆಲದಿಂದ ಎತ್ತುವುದು ಬೇಡವೇ ಬೇಡ. ಒಂಟಿ ಕನೂನಲ್ಲಿ ಮಧ್ಯದಲ್ಲಿ ಆಸನವಿರುವುದರಿಂದ ನೊಗ ಬಿಚ್ಚಿ ಹಾಕುವಂಥದ್ದು, ಅದೇ ಒಂದು ಕೆಜಿ ದಾಟಬಹುದು. ಕಂಪನಿ ಹೇಳುವ ತೂಕದಲ್ಲಿ ಅದು ಸೇರಿದೆಯೇ ಅಂತ ಕೇಳಿ. ಇನ್ನೂ ಒಳ್ಳೆಯದು, ಮನೆಯ ತೂಕದ ಯಂತ್ರ ಒಯ್ದು ಅದರ ಮೇಲೆ ದೋಣಿ ಹೊತ್ತು ನಿಲ್ಲಿ, ನಿಮ್ಮ ತೂಕ ಕಳೆಯಿರಿ.

ಹೊಸದು ತುಟ್ಟಿ. ಬೌಂಡರಿ ವಾಟರ್ಸ್ ಬಾಗಿಲಲ್ಲಿರುವ ಈಲಿ ಪಟ್ಟಣದಲ್ಲಿ ದೋಣಿ ಬಾಡಿಗೆಗೆ ಕೊಡುವವರು ಬೇಸಿಗೆ ಮುಗಿದ ಮೇಲೆ ಬಳಸಿದ ಕೆವ್ಲಾರ್ ದೋಣಿಗಳನ್ನು ಮಾರುತ್ತಾರೆ. ತಳದ ಗೀರುಗಳಿಗೆ ಹೆದರಬೇಡಿ. ಒಳಗಿನಿಂದ ತಳವನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ; ಎಲ್ಲಾದರೂ ಮೆತ್ತಗೆ ಕುಸಿದರೆ, ನಾರೇ ಹರಿದು ಬಿಳಿಚಿಕೊಂಡಿದ್ದರೆ ಬಿಡಿ. ಮೇಲಂಚಿನ ಮೊಳೆ, ಆಸನದ ಬೋಲ್ಟು ಅಲ್ಲಾಡಿಸಿ ನೋಡಿ. ಕೊಳ್ಳುವ ಮುನ್ನ ಅದೇ ಮಾದರಿಯನ್ನು ಎರಡು ದಿನ ಬಾಡಿಗೆಗೆ ಪಡೆಯಿರಿ. ನಿಮ್ಮ ಚೀಲವನ್ನೇ ತುಂಬಿ, ಎದುರು ಗಾಳಿಯಿದ್ದರೆ ಅದನ್ನು ಸ್ವಲ್ಪ ಮುಂದಕ್ಕೂ ಬೆನ್ನಿಗೆ ಗಾಳಿಯಿದ್ದರೆ ಹಿಂದಕ್ಕೂ ಸರಿಸಿ ದೋಣಿ ಹೇಗೆ ನಡೆಯುತ್ತದೆ ನೋಡಿ. ನೂರು ರಾಡಿನ ಒಂದು ಪೋರ್ಟೇಜನ್ನಾದರೂ ಹೊತ್ತು ದಾಟಿ. ಜುಲೈನಲ್ಲಿ ನೀರು ಬೆಚ್ಚಗಿರುವಾಗ, ಲೈಫ್ ಜಾಕೆಟ್ ತೊಟ್ಟು, ದಡದ ಹತ್ತಿರ ಬೇಕೆಂದೇ ಮಗುಚಿಕೊಂಡು, ನೀರು ಚೆಲ್ಲಿ ಮತ್ತೆ ಹತ್ತುವುದನ್ನು ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಕಲಿಯಿರಿ. ಮಂಜು ಕರಗಿದ ಹೊಸತಿನ ಮೇ ತಿಂಗಳ ನೀರಿನಲ್ಲಿ ಕಲಿಯಲು ಸಮಯ ಸಿಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಕೈಬೆರಳು ಮಾತು ಕೇಳುವುದನ್ನು ಬಿಡುತ್ತವೆ.